ಅಂಗಿಯ ಜೊತೆ ಹೋದ ಹೆಸರು

ಮಿಡಿಗೇಶಿ ಬೆಟ್ಟದ ಕೆಳಗಿನ ಊರುಗಳಲ್ಲಿ ಒಂದು ಕಾಲಕ್ಕೆ ದಸ್ತಗಿರಿಯಪ್ಪ ಅನ್ನುವ ಹೆಸರಿನ ಹುಡುಗರು ನಾಲ್ಕೈದು ಮಂದಿ ಇದ್ದರು. ಎಲ್ಲರೂ ನರಸಿಂಹಸ್ವಾಮಿಯ ಒಕ್ಕಲಿನ ಮನೆಯವರು. ಅಣ್ಣ ಓಬಳೇಶ, ತಮ್ಮ ಸಣ್ಣರಂಗಯ್ಯ, ನಡುವೆ ಇವನೊಬ್ಬ ದಸ್ತಗಿರಿಯಪ್ಪ. ಸ್ಕೂಲಿಗೆ ಹೋದರೆ ಮೇಷ್ಟ್ರು, “ಏನೋ, ಪೊಲೀಸರು ಯಾವಾಗ ಬಿಟ್ಟರು?” ಎಂದು ನಗುತ್ತಿದ್ದರು. ಊರಿನವರಿಗೆ ಪೊಲೀಸರ ನೆನಪು ಬರುತ್ತಿರಲಿಲ್ಲ. ಮಧುಗಿರಿ ಇದ್ದ ಹಾಗೆ ಇದೂ ಎಲ್ಲೋ ಒಂದು ಗಿರಿ, ಯಾವುದೋ ದೇವರ ಬೆಟ್ಟ ಇರಬೇಕು ಅಂದುಕೊಂಡು ಸುಮ್ಮನಿದ್ದರು.

ಅದು ಬೆಟ್ಟದ ಹೆಸರಲ್ಲ. ಶಿರಾದಿಂದ ವರ್ಷಕ್ಕೆರಡು ಸಲ ಪಾತ್ರೆಗಳಿಗೆ ಕಲಾಯಿ ಹಾಕಲು ಬರುತ್ತಿದ್ದ ದಸ್ತಗೀರ್ ಸಾಬರ ಹೆಸರು. ದಸ್ತ್ ಅಂದರೆ ಕೈ, ಗೀರ್ ಅಂದರೆ ಹಿಡಿಯುವವನು, ಫಾರಸಿ ಮಾತು. ಬಗ್ದಾದಿನ ದೊಡ್ಡ ಪೀರರೊಬ್ಬರನ್ನು ಹಾಗೆ ಕರೆಯುತ್ತಿದ್ದರಂತೆ, ಬಿದ್ದವರ ಕೈ ಹಿಡಿದು ಎತ್ತುವವರು ಎಂದು. ಶಿರಾದ ಮುಸಲ್ಮಾನರ ಬೀದಿಗಳಲ್ಲೂ ಅದು ಅಪರೂಪವೇ. ಅಹಮದ್, ಕರೀಮ್ ಎಂದು ಕೂಗಿದರೆ ಬೀದಿಯ ಅರ್ಧ ಗಂಡಸರು ತಿರುಗುವರು, ದಸ್ತಗೀರ್ ಎಂದರೆ ಒಬ್ಬನೇ.

ಆ ಹೆಸರು ಮಿಡಿಗೇಶಿ ಸೀಮೆಗೆ ಹೊಕ್ಕಿದ್ದು ಮುದ್ದಕ್ಕನಿಂದ. ಬೊಮ್ಮಪ್ಪನ ಹೆಂಡತಿ ಮುದ್ದಕ್ಕ ಹೆತ್ತ ಕೂಸುಗಳು ನಿಲ್ಲುತ್ತಿರಲಿಲ್ಲ. ಐವತ್ತೊಂದನೇ ಇಸವಿಯಲ್ಲಿ ಮತ್ತೆ ಬಾಣಂತಿಯಾದಾಗ ಅವಳ ಅತ್ತೆ ಓಬಕ್ಕ ಹೇಳಿದಳು: “ನಮ್ಮನೆ ಬಟ್ಟೆ ನಮ್ಮ ಕೂಸಿಗೆ ಆಗಕಿಲ್ಲ ಕಣೆ. ಬ್ಯಾರೆ ಕುಲದೋರ ಮೈಮ್ಯಾಲಿನ ಬಟ್ಟೆ ಬೇಡಿ ತಂದು ಅಂಗಿ ಹೊಲಿದು ಹಾಕು. ಅಂಗಿ ಯಾರದೋ ಹೆಸರೂ ಅವರದೇ.”

ಆ ಹೊತ್ತಿಗೆ ಚಾವಡಿಯ ಪಕ್ಕ ಗುಂಡಿ ತೋಡಿ, ತಿದಿ ಒತ್ತುತ್ತಾ, ಕಾದ ಹಿತ್ತಾಳೆ ಪಾತ್ರೆಗೆ ಬಟ್ಟೆಯಿಂದ ತವರ ಸವರುತ್ತಾ ಕೂತಿದ್ದವನು ದಸ್ತಗೀರ್. ಇನ್ನೂ ಮದುವೆಯಾಗದ ಹುಡುಗ. ಓಬಕ್ಕ ಹೋಗಿ ಎದುರಿಗೆ ನಿಂತಳು.

“ಸಾಬ್ರೇ, ನಿಮ್ಮ ಅಂಗಿ ತುದಿ ಒಂದೀಟು ಕೊಡಿ.”

“ಮಸಿ ಒರೆಸಿರೋ ಅಂಗಿ ಕಣಮ್ಮ, ಒಗೆದಿಲ್ಲ.”

“ಒಗೀದಿದ್ರೇ ಒಳ್ಳೇದು. ನಿಮ್ಮ ಹೆಸರೂ ಹೇಳಿಬುಡಿ, ಅದೂ ಬೇಕು.”

ಕೂಸು ನಿಂತಿತು. ಅದನ್ನು ಕಂಡು ಅಕ್ಕಪಕ್ಕದ ಊರುಗಳ ಹೆಂಗಸರೂ ಬಂದರು. ದಸ್ತಗೀರ್ ಯಾರಿಗೂ ಇಲ್ಲ ಅನ್ನಲಿಲ್ಲ. “ನಾನು ಕಲಾಯಿ ಹಾಕೋನು ಕಣ್ರಮ್ಮಾ, ಪೀರ್ ಅಲ್ಲ” ಎಂದು ಹೇಳುತ್ತಲೇ ಅಂಗಿಯ ತುದಿ ಮುಂದಕ್ಕೆ ಚಾಚುತ್ತಿದ್ದ.

ಇದೆಲ್ಲ ದಸ್ತಗೀರನ ಹೆಂಡತಿ ಅಮೀರುನ್ನೀಸಾಗೆ ಗೊತ್ತಾದದ್ದು ಮದುವೆಯಾಗಿ ಶಿರಾಕ್ಕೆ ಬಂದ ಮೇಲೆ, ಐವತ್ತೇಳರಲ್ಲಿ. ಅವಳು ಬೆಂಗಳೂರಿನವಳು, ಏಳನೇ ಕ್ಲಾಸು ಪಾಸು ಮಾಡಿದವಳು. ಗಂಡನ ಬಟ್ಟೆ ಮಡಿಸುವಾಗ ನೋಡಿದರೆ ಒಂದು ಅಂಗಿಗೂ ಮುಂದಿನ ಅಂಚಿಲ್ಲ.

“ಇದೇನು, ನಿಮ್ಮ ಅಂಗಿಯೆಲ್ಲ ಮೇಕೆ ಮೇದ ಹಾಗಿವೆ?”

ಅವನು ಕಥೆ ಹೇಳಿದ. ಅವಳು ನಕ್ಕಳು. ಜೋಡು ಹೊಲಿಗೆ ಹಾಕಿ ಹೊಸ ಅಂಚು ಕೂಡಿಸಿದಳು. ಅವನು ಮಿಡಿಗೇಶಿ ಕಡೆ ಹೋಗಿ ಬಂದಾಗ ಅದೂ ಇರಲಿಲ್ಲ.

ಆಮೇಲಿನ ವರ್ಷಗಳಲ್ಲಿ ಅವಳು ನಗುವುದು ಕಡಿಮೆಯಾಯಿತು. ಮೊದಲ ಮಗು ಹುಟ್ಟುವಾಗಲೇ ಹೋಯಿತು. ಎರಡನೆಯದು ಹೆರಿಗೆಯ ನಲವತ್ತನೇ ದಿನದ ಸ್ನಾನಕ್ಕೆ ಮುಂಚೆ ಹೋಯಿತು. ಪಕ್ಕದ ಮನೆಯ ನಜ್ಮುನ್ನೀಸಾ ಸಾಂತ್ವನಕ್ಕೆಂದು ಬಂದವಳು, “ಊರಿಗೆಲ್ಲ ಹಂಚಿದ ಮೇಲೆ ಮನೆಗೆ ಏನುಳಿಯುತ್ತೆ ತಂಗೀ?” ಎಂದು ಹೇಳಿ ಚಹಾ ಕುಡಿದು ಹೋದಳು. ಅವತ್ತು ಅಮೀರುನ್ನೀಸಾ ಗಂಡನಿಗೆ, ಇನ್ನು ಯಾರಿಗೂ ಕೊಡಬೇಡಿ ಎಂದಳು.

“ಅಂಗಿ ಕೊಟ್ಟರೆ ಅಂಗಿ ಹೋಗುತ್ತೆ. ಆಯಸ್ಸು ಹೋಗಲ್ಲ,” ಎಂದ ಅವನು. ಅದು ಅವಳಿಗೂ ಗೊತ್ತಿದ್ದ ಮಾತೇ. ಗೊತ್ತಿದ್ದರಿಂದ ಸಂಕಟವೇನೂ ಕಡಿಮೆಯಾಗಲಿಲ್ಲ.

ಅರವತ್ತೆರಡರಲ್ಲಿ ಗಂಡುಮಗು ಹುಟ್ಟಿತು. ಇಟ್ಟ ಹೆಸರು ಜಹೀರ್ ಅಹಮದ್. ಅದನ್ನು ಕರೆಯಲು ಅವಳಿಗೆ ಬಾಯಿ ಬರಲಿಲ್ಲ. ಹಿಂದೆ ಹೋದ ಮಗುವನ್ನು ಅದು ಹುಟ್ಟಿದ ದಿನದಿಂದಲೇ ಅವಳು ಹೆಸರು ಹಿಡಿದು ಕರೆದಿದ್ದಳು. ನೀರನ್ನು ಎರಡು ಸಲ ಕುದಿಸುವಳು. ಮಗು ಮಲಗಿದ್ದರೆ ಮೂಗಿನ ಕೆಳಗೆ ಬೆರಳಿಟ್ಟು ನೋಡುವಳು, ಅದರಿಂದ ಮಗು ಎಚ್ಚರಾದರೆ ಯಾಕೆ ಅಳುತ್ತಿದೆ ಎಂದು ಹೆದರುವಳು. ಆಸ್ಪತ್ರೆಯಲ್ಲಿ ಡಾಕ್ಟರು ತೂಕ ನೋಡಿ, “ಸಣ್ಣ ಮಗು, ಅಷ್ಟೇ. ಹಾಲು ಕುಡಿಯುತ್ತಲ್ಲ? ನೀವು ಸ್ವಲ್ಪ ನಿದ್ದೆ ಮಾಡಿ” ಎಂದರು. ಅವರು ಹೇಳಿದ್ದನ್ನೆಲ್ಲ ನಂಬಿದಳು, ನಿದ್ದೆ ಒಂದನ್ನು ಬಿಟ್ಟು.

ಅತ್ತೆ ಅಮೀರ್ ಬಿ ಒಂದು ಬೆಳಗ್ಗೆ ಅಡಿಕೆ ಕತ್ತರಿಸುತ್ತಾ ಹೇಳಿದಳು: “ಬೇಟೀ, ನಮ್ಮನೆ ಅಂಗಿ ನಮ್ಮ ಮಗುವಿಗೆ ಹಿಡಿಯಲ್ಲ. ಹೊರಗಿನಿಂದ ಬೇಡಿ ತರಬೇಕು. ಮಿಡಿಗೇಶಿಯಲ್ಲಿ ಮೊದಲು ನಿಂತನಲ್ಲ, ಆ ಹುಡುಗ, ಅವನ ಮೊದಲನೇ ಅಂಗಿ ಇದ್ದರೆ ಕೇಳೋಣ.”

ಬೆಂಗಳೂರಿನ ಸ್ಕೂಲಿನಲ್ಲಿ ಓದಿದವಳು ಅಲ್ಲವೇ, ಬೇಡ ಅನ್ನುತ್ತಾಳೆ ಎಂದು ಅತ್ತೆ ಅಂದುಕೊಂಡಿದ್ದಳು. ಅಮೀರುನ್ನೀಸಾ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದಳು.

ದಸ್ತಗೀರ್ ಬರಲು ಒಪ್ಪಲಿಲ್ಲ. “ಕೊಟ್ಟಿದ್ದನ್ನ ವಾಪಸ್ ಕೇಳೋದೇ? ಆ ಊರಲ್ಲಿ ನಾನು ಮತ್ತೆ ತಿದಿ ಹೂಡಬೇಡವೇ?” ಎಂದು ಬೇರೆ ಕಡೆ ಮುಖ ತಿರುಗಿಸಿ ಕೂತ. ಹೆಂಗಸರಿಬ್ಬರೇ ಹೊರಟರು. ಮಧುಗಿರಿಯಲ್ಲಿ ಬಸ್ಸು ಬದಲಾಯಿಸಿ ಮಿಡಿಗೇಶಿಯಲ್ಲಿ ಇಳಿಯುವವರೆಗೂ ಅಮೀರುನ್ನೀಸಾ ಬುರ್ಖಾದೊಳಗೆ ಮಗುವನ್ನು ಹಿಡಿದುಕೊಂಡೇ ಇದ್ದಳು, ಕಿಟಕಿಯ ಧೂಳು ಒಳಗೆ ಬಾರದ ಹಾಗೆ.

ಮುದ್ದಕ್ಕ ಅವರನ್ನು ಕಂಡು ಕುಣಿದಾಡಿಬಿಟ್ಟಳು. “ಸಾಬ್ರ ಮನೇವ್ರು ಬಂದವ್ರೆ, ಬನ್ನಿ ಬನ್ನಿ!” ಎಂದು ಚಾಪೆ ಹಾಸಿದಳು, ಹುರಿದ ಕಡಲೆಕಾಯಿ, ಬೆಲ್ಲ ಮುಂದಿಟ್ಟಳು. ಮಗುವಿನ ಗಲ್ಲ ಹಿಡಿದು, “ಅಪ್ಪನ ಮೂಗೇ ಬಂದೈತೆ ಕಣಮ್ಮ” ಎಂದಳು. ಅವಳ ದಸ್ತಗಿರಿಯಪ್ಪ ಆಗಲೇ ಅವಳ ಭುಜಕ್ಕೆ ಬಂದಿದ್ದ. ಬಾಗಿಲಲ್ಲಿ ನಿಂತು ಒಮ್ಮೆ ನೋಡಿ ಎತ್ತು ಹೊಡೆದುಕೊಂಡು ಹೋದ.

ಅತ್ತೆ ಅಮೀರ್ ಬಿ ಬಂದ ಕೆಲಸ ಹೇಳಿದಳು. ಮುದ್ದಕ್ಕನ ಕೈ ಮಗುವಿನ ಗಲ್ಲದಿಂದ ಹಿಂದಕ್ಕೆ ಬಂತು.

ಆ ಪುಟ್ಟ ಅಂಗಿ ಇತ್ತು. ರಾಗಿ ತುಂಬುವ ವಾಡೆಯ ಮೇಲಿನ ಅಟ್ಟದಲ್ಲಿ, ಗಂಟಿನಲ್ಲಿ. ಇಲ್ಲ ಎಂದು ಸುಳ್ಳು ಹೇಳಲು ಮುದ್ದಕ್ಕನಿಗೆ ಆಗಲಿಲ್ಲ, ಇದೆ ಎಂದು ಇಳಿಸಲೂ ಆಗಲಿಲ್ಲ.

“ಬ್ಯಾರೆ ಏನಾದ್ರೂ ಕೇಳಮ್ಮ. ಮೇಕೆ ಕೇಳು, ಇವತ್ತೇ ಹೊಡಕೊಂಡು ಹೋಗು. ಅದೊಂದು ಬ್ಯಾಡ.”

“ಒಂದು ಅಂಗಿ ಅಲ್ಲವೇನಮ್ಮ?” ಎಂದಳು ಅಮೀರುನ್ನೀಸಾ.

“ನಿನಗೆ ಗೊತ್ತಾಗಕಿಲ್ವಾ? ಆ ಅಂಗಿ ಇರೋಗಂಟ ಅವ್ನು ಇರ್ತಾನೆ ಅಂತ ನಾನು ಇಟ್ಕಂಡಿವ್ನಿ. ನೀನೂ ಹೆತ್ತೋಳೇ ಅಲ್ವಾ?”

ಗೊತ್ತಾಗುತ್ತಿತ್ತು. ಚೆನ್ನಾಗಿಯೇ ಗೊತ್ತಾಗುತ್ತಿತ್ತು. ಮುದ್ದಕ್ಕ ಎದ್ದು, ಮಗನಿಗೆ ಚಿಕ್ಕದಾದ ಬೇರೆ ಅಂಗಿಯೊಂದನ್ನು ತಂದಳು. ಒಗೆದದ್ದು, ಗುಂಡಿಗಳು ಕೂಡ ಗಟ್ಟಿಯಾಗಿದ್ದವು. ಅಮೀರುನ್ನೀಸಾ ಅದನ್ನು ಮುಟ್ಟಲಿಲ್ಲ. ಶಿರಾದಿಂದ ಹೊರಡುವಾಗ ಇದರಲ್ಲೆಲ್ಲ ಅವಳಿಗೆ ಅರ್ಧ ನಂಬಿಕೆಯೂ ಇರಲಿಲ್ಲ. ಈಗ ಮಾತ್ರ ಅಟ್ಟದ ಮೇಲಿನದೇ ಬೇಕು, ಬೇರೆ ಯಾವುದೂ ಆಗದು ಅನ್ನಿಸಿ ಕಣ್ಣು ಮೇಲಕ್ಕೇ ಹೋಗುತ್ತಿತ್ತು. ಕಡಲೆಕಾಯಿ ಯಾರೂ ತಿನ್ನಲಿಲ್ಲ. ಮಗು ಅಳತೊಡಗಿತು. ಅಮೀರ್ ಬಿ ತಲೆ ಬಗ್ಗಿಸಿ ಕೂತಳು.

ಓಬಕ್ಕ ಅಷ್ಟು ಹೊತ್ತೂ ಒಲೆಯ ಪಕ್ಕ ಗೋಡೆಗೆ ಒರಗಿ ಕೂತಿದ್ದಳು. ಹಲ್ಲು ಕೆಲವೇ ಉಳಿದಿದ್ದವು, ಕಿವಿ ಸರಿಯಾಗಿತ್ತು.

“ಅಲ್ಲ ಕಣಮ್ಮಯ್ಯ,” ಎಂದಳು ಅಮೀರುನ್ನೀಸಾ ಕಡೆ ತಿರುಗಿ, “ಅಂಗಿ ಕೊಟ್ರು ಅಂತ ಇಟ್ಕೋ. ಅಂಗಿ ಜೊತೇಲಿ ಹೆಸರೂ ಬತ್ತದೆ. ಹೆಸರು ಯಾವುದು? ನಿನ್ನ ಗಂಡಂದು. ಮಗನ್ನ ದಿನಾ ಏನಂತ ಕೂಗ್ತೀಯ? ಗಂಡನ ಹೆಸರು ಬೀದಿಗೆ ಕೇಳಂಗೆ ಕೂಗ್ತೀಯ?”

ಶಿರಾದಿಂದ ಇಲ್ಲಿವರೆಗೆ ಎರಡು ಬಸ್ಸು ಹತ್ತಿ ಬಂದವರಿಬ್ಬರಿಗೂ ಅದು ಹೊಳೆದಿರಲಿಲ್ಲ. ಮದುವೆಯಾದ ದಿನದಿಂದ ಅಮೀರುನ್ನೀಸಾ ಆ ಹೆಸರನ್ನು ಒಂದು ಸಲವೂ ಬಾಯಿಂದ ಆಡಿರಲಿಲ್ಲ. ಅವಳಿಗೆ ‘ಇವರು’, ಅಷ್ಟೇ.

“ಯಾ ಅಲ್ಲಾ!” ಎಂದಳು ಅಮೀರ್ ಬಿ. ಮೊದಲು ನಗು ತಡೆಯಲಾರದೆ ಹೋದವಳು ಅವಳೇ. ಮುದ್ದಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

“ಹಂಗಾದ್ರೆ ಇವ್ರುದು ಕೊಡಾನ ಅಂದ್ರೆ...” ಎಂದು ಮುದ್ದಕ್ಕ ಗಂಡನ ಅಂಗಿ ನೇತುಹಾಕಿದ್ದ ಗೂಟದ ಕಡೆ ಕೈ ತೋರಿಸಿದಳು.

“ಆಗ ನಿನ್ನ ಬಾಯಿಗೆ ಬೀಗ ಬೀಳ್ತದೆ. ಕೂಸು ಈ ಮನೇಗೆ ಬಂದ್ರೆ ‘ಶ್ಶ್, ಬಾರೋ’ ಅಂತ ಕೋಳಿ ಕರ್ದಂಗೆ ಕರೀತೀಯ?” ಎಂದಳು ಓಬಕ್ಕ. “ನನ್ನ ಹೆಸರು ಯಾವ ಗಂಡನದೂ ಅಲ್ಲ. ನಾನು ಹೆತ್ತೋವು ಒಂದೂ ಹೋಗಿಲ್ಲ. ಬಾ ಇತ್ತಾಗೆ.”

ಉಟ್ಟ ಸೀರೆಯ ಸೆರಗಿನ ತುದಿಯನ್ನು ಇದ್ದ ಹಲ್ಲಿನಿಂದಲೇ ಕಚ್ಚಿ ಹರಿದಳು. ಹೊಗೆಯ ವಾಸನೆ, ರಾಗಿ ಹಿಟ್ಟಿನ ವಾಸನೆ. ನೀರನ್ನು ಎರಡು ಸಲ ಕುದಿಸುವ ಅಮೀರುನ್ನೀಸಾ ಅದನ್ನು ಹಾಗೆಯೇ ಮಗುವಿನ ಮೈಗೆ ಸುತ್ತಿಸಿಕೊಂಡಳು.

“ನಾನು ಓಬಿ, ಇವ್ನು ಓಬಳ. ನಮ್ಮಪ್ಪ ಅಹೋಬಲದ ನರಸಿಂಗಪ್ಪನಿಗೆ ಹರಕೆ ಹೊತ್ತು ನಂಗಿಟ್ಟಿದ್ದು. ಕೂಗು ನೋಡಾನ.”

“ಓಬಳ,” ಎಂದಳು ಅಮೀರುನ್ನೀಸಾ, ಮೆತ್ತಗೆ.

“ಗಟ್ಟಿಯಾಗಿ ಕೂಗಮ್ಮ, ಕಿವಿಗೆ ಬೀಳ್ಬೇಕು!”

ಬಸ್ಸಿಗೆ ಹೊರಟಾಗ ಮುದ್ದಕ್ಕ ಮೇಕೆಮರಿಯೊಂದನ್ನು ಎಳೆದುಕೊಂಡು ಊರ ಬಾಗಿಲವರೆಗೂ ಬಂದಳು. ಕಂಡಕ್ಟರ್ ಹತ್ತಿಸಿಕೊಳ್ಳಲಿಲ್ಲ.

ಶಿರಾದಲ್ಲಿ ದಸ್ತಗೀರ್ ಆ ತುಂಡು ಬಟ್ಟೆಯನ್ನು ತಿರುಗಿಸಿ ನೋಡಿದ. ಮಿಡಿಗೇಶಿ ಕಡೆ ಹೋಗಲು ಇನ್ನು ಮುಜುಗರವಿಲ್ಲ ಎಂಬುದು ಅವನ ಮುಖದಲ್ಲಿ ಕಂಡಿತು. ಅಮೀರುನ್ನೀಸಾ ಅದರಲ್ಲಿ ಪುಟ್ಟ ಅಂಗಿ ಹೊಲಿದಳು. ನಜ್ಮುನ್ನೀಸಾ, “ಓಬಳನಂತೆ! ಶಿರಾದಲ್ಲಿ ಇಂಥ ಹೆಸರು ಯಾರಿಗಾದರೂ ಉಂಟೇ?” ಎಂದಳು. ಇರಲಿಲ್ಲ. ಕಾಗದಪತ್ರದಲ್ಲಿ ಜಹೀರ್ ಅಹಮದ್, ಬೀದಿಯಲ್ಲಿ ಓಬಳ್ ಸಾಬ್. ಇಡೀ ಊರಿಗೆ ಒಬ್ಬನೇ.

ಮಗು ನಿಂತಿತು. ಬಟ್ಟೆಯಿಂದಲೋ, ಕುದಿಸಿದ ನೀರಿನಿಂದಲೋ, ಸುಮ್ಮನೆ ನಿಲ್ಲಬೇಕಿತ್ತೋ, ಅಮೀರುನ್ನೀಸಾ ಯಾವುದನ್ನೂ ಬಿಟ್ಟು ನೋಡುವ ಧೈರ್ಯ ಮಾಡಲಿಲ್ಲ. ಅರವತ್ತಾರರಲ್ಲಿ ಓಬಕ್ಕ ತೀರಿಕೊಂಡ ಸುದ್ದಿ ಬಂದಾಗ ಅವಳು ಮಾಡಿದ ಮೊದಲ ಕೆಲಸ, ಗೋಲಿ ಆಡುತ್ತಿದ್ದ ಮಗನನ್ನು ಒಳಗೆ ಎಳೆದು ಹಣೆ ಮುಟ್ಟಿ ನೋಡಿದ್ದು. ಹಣೆ ತಣ್ಣಗಿತ್ತು. ಆಮೇಲೆ ಅತ್ತಳು.

ಮುಂದಿನ ಸುಗ್ಗಿಗೆ ಬೊಮ್ಮಪ್ಪ ಕಡಲೆಕಾಯಿ ಗಾಡಿ ಹೊಡೆದುಕೊಂಡು ಶಿರಾ ಮಂಡಿಗೆ ಬಂದ. ಜೊತೆಗೆ ಮೀಸೆ ಚಿಗುರಿದ ದಸ್ತಗಿರಿಯಪ್ಪ. ಅಪ್ಪ ಮಂಡಿಯಲ್ಲಿ ಕೂತರೆ ಮಗ ಕಲಾಯಿ ಸಾಬರ ಮನೆ ಹುಡುಕಿಕೊಂಡು ಬಂದ. ಓಬಳ ಅವನ ಹೆಗಲೇರಿ ಬೀದಿಯ ಕೊನೆಯವರೆಗೂ ಸವಾರಿ ಮಾಡಿಕೊಂಡು ಹೋದವನು ಅಡಿಗೆಯಾದರೂ ಬರಲಿಲ್ಲ. ಅಮೀರುನ್ನೀಸಾ ಬಾಗಿಲ ಪರದೆ ಸರಿಸಿ ನಿಂತಳು. ಇಬ್ಬರನ್ನೂ ಊಟಕ್ಕೆ ಕರೆಯಬೇಕು. ದೊಡ್ಡವನ ಹೆಸರು ನಾಲಿಗೆಯವರೆಗೆ ಬಂದು ನಿಂತಿತು. ಒಳಗೆ ಆ ಹೆಸರಿನ ಇನ್ನೊಬ್ಬರು ಕೈತೊಳೆದು ಕೂತಿದ್ದರು.

“ಓಬಳಾ!” ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು. “ನಿನ್ನ ಕುದುರೇನೂ ಕರ್ಕೊಂಡು ಬಾರೋ, ಊಟ ಆರಿಹೋಗ್ತಿದೆ!”