ದೊಡ್ಡಪ್ಪ ಕೇಳಿದ ಕೊನೆಯ ಪ್ರಶ್ನೆ

"ಕೈ ಕೆಳಗೆ!" ಎಂದು ದೊಡ್ಡಪ್ಪ ಗದರಿದರು. ಉತ್ತರ ಹೇಳುತ್ತಿದ್ದ ನಾನು ಗಾಳಿಯಲ್ಲಿದ್ದ ಕೈ ಇಳಿಸಿದೆ.

ಮೈಸೂರಿನ ವಿಶ್ವವಿದ್ಯಾನಿಲಯದಲ್ಲಿ ನಾಡಿದ್ದು ನನಗೆ ಸಂದರ್ಶನವಿತ್ತು. ಕಿವಿ ಕೇಳದ ಮಕ್ಕಳಿಗೆ ಪಾಠ ಹೇಳುವವರ ಕೋರ್ಸು. ಇದ್ದದ್ದೇ ಬೆರಳೆಣಿಕೆಯ ಸೀಟು. ದೊಡ್ಡಪ್ಪ ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಸಂದರ್ಶನಕ್ಕೆ ಬಂದ ಎಷ್ಟೋ ಜನರ ಬೆವರಿಳಿಸಿದ್ದೇನೆ ಎಂದು ಅವರೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ನಮ್ಮೂರು ದರ್ಬೆಯಲ್ಲಿ ಅವರ ಮನೆಯ ಹಿಂದೆಯೇ ನಮ್ಮ ಮನೆ. ಅವರ ಈ ಅಣಕು ಸಂದರ್ಶನದಿಂದ ತಪ್ಪಿಸಿಕೊಳ್ಳುವ ದಾರಿಯೇ ಇರಲಿಲ್ಲ.

ನನ್ನ ಕೈ ಮೇಲೇಳುವುದಕ್ಕೆ ಕಾರಣ ಅಮ್ಮ. ಅವಳಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಮಾತು ಬರುವುದಿಲ್ಲ. ನಾನು ತೊದಲುವ ಮೊದಲೇ ಕೈಯಲ್ಲಿ ಮಾತಾಡಿದ್ದೆನಂತೆ. ಅಪ್ಪ ತೀರಿಕೊಂಡ ಮೇಲಂತೂ ರೇಷನ್ ಅಂಗಡಿ, ಆಸ್ಪತ್ರೆ, ರವಿಕೆ ಹೊಲಿಸಲು ಬರುವ ಹೆಂಗಸರ ಚೌಕಾಸಿ, ಎಲ್ಲದಕ್ಕೂ ಅಮ್ಮನ ಬಾಯಿ ನಾನೇ. ದೊಡ್ಡಪ್ಪನಿಗೆ ಇಷ್ಟು ವರ್ಷಕ್ಕೂ ಗೊತ್ತಿದ್ದುದು ಎರಡೇ ಸನ್ನೆ: ಚಾ, ಊಟ.

"ಹೀಗೆ ಕೈ ಬೀಸಿದ್ರೆ ಅವರು ನಿನ್ನನ್ನು ಯಕ್ಷಗಾನಕ್ಕೆ ಕಳಿಸ್ತಾರೆ ಮಾರಾಯ್ತಿ. ತೊಡೆಯ ಅಡಿಗೆ ಹಾಕಿ ಕೂತ್ಕೋ."

ಹಾಕಿ ಕೂತೆ. ಈ ಕೋರ್ಸೇ ಯಾಕೆ ಎಂದು ಕೇಳಿದರು. ಎಲ್ಲ ಗೊತ್ತಿದ್ದೂ ಬಾಯಿಂದ ಅರ್ಧ ವಾಕ್ಯ ಬಂತು. ಮತ್ತೆ ಕೇಳಿದರು, ಆ ಅರ್ಧವೂ ಬರಲಿಲ್ಲ. ಛೇ, ಮನೆಯವರ ಎದುರೇ ಹೀಗಾದರೆ ಅಲ್ಲಿ ನನ್ನ ಕತೆ ಮುಗಿದ ಹಾಗೆಯೇ ಎನಿಸಿ ಅಳು ಒತ್ತಿ ಬಂತು. ಮೂಲೆಯಲ್ಲಿ ಅಮ್ಮ ರವಿಕೆಗೆ ಹುಕ್ ಹಾಕುತ್ತ ಕೂತಿದ್ದಳು. ಅವಳು ಸೂಜಿಗಿಂತ ನಮ್ಮ ಮುಖಗಳನ್ನು ನೋಡಿದ್ದೇ ಹೆಚ್ಚು.

ಆಗ ದೊಡ್ಡಪ್ಪ ಕನ್ನಡಕ ತೆಗೆದರು. "ಇದನ್ನು ಅವರು ಕೇಳದಿದ್ರೂ ನಾನು ಕೇಳ್ಬೇಕು. ನೀನು ಹೋದ್ರೆ ನಿನ್ನ ಅಮ್ಮನ ಗತಿ ಎಂತ?"

ಅರ್ಜಿ ಹಾಕಿದ ದಿನದಿಂದ ನಾನು ಹೆದರಿದ್ದು ಇದೊಂದಕ್ಕೇ.  ಅಮ್ಮ ಹತ್ತಿರ ಸರಿದು ನನ್ನ ಭುಜ ತಟ್ಟಿ, ಏನು ಕೇಳಿದರು ಎಂದು ಸನ್ನೆ ಮಾಡಿದಳು. ಬಸ್ಸು ಎಷ್ಟು ಗಂಟೆಗೆ ಅಂತ ಕೇಳಿದರು, ಎಂದೆ. ಅಮ್ಮ ಗಲ್ಲ ಹಿಡಿದು ನನ್ನ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು. ಅವಳಿಗೆ ಸುಳ್ಳು ಹೇಳಿ ದಕ್ಕಿಸಿಕೊಂಡವರಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅಮ್ಮನ ಮುಖ ಕೆಂಪಾಯಿತು. ದೊಡ್ಡಪ್ಪನ ಎದುರು ಎಂದೂ ತಲೆ ಎತ್ತದವಳು ಎದ್ದು ನಿಂತು ಸರಸರನೆ ಕೈಯಾಡಿಸತೊಡಗಿದಳು.

"ಎಂತ ಹೇಳ್ತಾಳೆ?" ಎಂದರು ದೊಡ್ಡಪ್ಪ.

ಅಮ್ಮನ ಕೈ ನೋಡುತ್ತ ನಾನು ಹೇಳುತ್ತ ಹೋದೆ. 

"ಮದುವೆಗೆ ಮೊದಲು ನಾನು ತವರೂರು ಅಜ್ಜಾವರದಿಂದ ಸುಳ್ಯ ಪೇಟೆಗೆ ಒಬ್ಬಳೇ ಹೋಗಿ ಅಂಗಡಿಗೆ ರವಿಕೆ ಕೊಟ್ಟು ಬರ್ತಿದ್ದೆ. ಕಡಿಮೆ ಕೊಟ್ರೆ ಜಗಳ ಮಾಡ್ತಿದ್ದೆ. ಆಗ ಜನ ನನ್ನ ಹತ್ತಿರವೇ ಮಾತಾಡ್ತಿದ್ರು. ಇವಳು ದೊಡ್ಡವಳಾದ ಮೇಲೆ ಯಾರೂ ಮಾತಾಡುದಿಲ್ಲ. ಎಲ್ಲ ಇವಳ ಮುಖ ನೋಡ್ತಾರೆ."

ಅದು ನನ್ನ ಬಾಯಿಂದಲೇ ಹೊರಬಂದಾಗಲೇ ನನಗೆ ಹೊಳೆದದ್ದು. ಅಮ್ಮನಿಗೆ ನಾನೇ ಆಸರೆ ಎಂದುಕೊಂಡು ಇಷ್ಟು ವರ್ಷ ಅವಳಿಗೇ ಅಡ್ಡ ನಿಂತಿದ್ದೆನೇ? ದೊಡ್ಡಪ್ಪ ಆಗಲೂ ನನ್ನನ್ನೇ ನೋಡುತ್ತಿದ್ದರು.

ಅಮ್ಮ ಜೋರಾಗಿ ಚಪ್ಪಾಳೆ ತಟ್ಟಿ ಅವರನ್ನು ತನ್ನ ಕಡೆ ತಿರುಗಿಸಿಕೊಂಡಳು. ಕೇಳುವುದಿದ್ದರೆ ನನ್ನನ್ನೇ ಕೇಳಿ ಎಂದು ಅವರಿಗೇ ಸನ್ನೆ ಮಾಡಿದಳು.

ಅದನ್ನು ನಾನು ಬಾಯಲ್ಲಿ ಹೇಳಿಕೊಡಲಿಲ್ಲ; ಅವರೇ ಅಮ್ಮನ ಕೈ ನೋಡಲಿ ಎಂದು ಬಿಟ್ಟೆ.