ಅಮ್ಮಿ ಹೊಲಿದ ಗಾಳಿಚೀಲ

ಮೊಮ್ಮಗಳು ಇವತ್ತು ಕೋರಾ ಬಟ್ಟೆಯ ಗಂಟು ಬಿಚ್ಚಿದಳು. ಆ ಗಂಜಿಯ ವಾಸನೆಗೆ ನಾನು ಹುಬ್ಬಳ್ಳಿಯ ನಮ್ಮ ಹೊಲಿಗೆ ಅಂಗಡಿ ಸೇರಿಬಿಟ್ಟೆ.

ಎರಡನೇ ಮಹಾಯುದ್ಧದ ಕಾಲ, ನಾನಿನ್ನೂ ಚಿಕ್ಕವಳು. ಊರಾಚೆ ವಿಮಾನ ಇಳಿಯುವ ಬಯಲಿನಲ್ಲಿ, ಗಾಳಿಯ ದಿಕ್ಕು ತೋರಿಸುವ ಉದ್ದನೆಯ ಬಟ್ಟೆಚೀಲ ಹರಿದುಹೋಗಿತ್ತು. ಮರುದಿನವೇ ವಿಮಾನ ಬರುವುದಿತ್ತು. ಅಲ್ಲಿಯ ಸಾಹೇಬರು ಹೊಸದು ಹೊಲಿಸಲು ಅಂಗಡಿಗೆ ಬಂದಾಗ ನಮ್ಮ ಅಬ್ಬಾ ಕೈಚೆಲ್ಲಿದರು.

"ಇಂಥಾದ್ದು ನಾ ಎಂದೂ ಹೊಲಿದಿಲ್ರಿ."

ಒಳಗಿನಿಂದ ಅಮ್ಮಿ ಹೇಳಿದಳು, "ದೊಡ್ಡ ಅಂಗಿತೋಳಿನಂಗ ಐತಿ. ನಾ ಹೊಲಿತೇನ್ರಿ."

ಸಂಜೆಯೊಳಗೆ ಹೊಲಿದೂ ಮುಗಿಸಿದಳು.

ಮರುದಿನ ನಾವೆಲ್ಲ ಬಯಲಿಗೆ ಹೋದೆವು. ಕಂಬದ ಮೇಲೆ ಚೀಲ ಗಾಳಿ ತುಂಬಿಕೊಂಡು ಚಾಚಿ ನಿಂತಿತ್ತು. ವಿಮಾನ ಒಂದು ಸುತ್ತು ಹಾಕಿತು, ಗಾಳಿಗೆ ಎದುರಾಗಿ ತಿರುಗಿತು, ಸಲೀಸಾಗಿ ಇಳಿಯಿತು. ಅಬ್ಬಾ ನಿಂತವರಿಗೆಲ್ಲ ಹೇಳಿದ್ದೇ ಹೇಳಿದ್ದು: "ನಮ್ಮ ಮನಿಯಾಕಿ ಹೊಲಿದದ್ದರಿ ಅದು."

ಮುಂದೆ ಸಾಹೇಬರು ಅಂಗಡಿಗೆ ಬಂದಾಗಲೆಲ್ಲ ಅಮ್ಮಿಯನ್ನೇ ಕೇಳುತ್ತಿದ್ದರು.

ಇದನ್ನು ಬರೆಯುವಾಗ ತೊಂಬತ್ತರ ಈ ಮುದುಕಿಯ ಬೆನ್ನು ತುಸು ನೆಟ್ಟಗಾಗಿದೆ.