ಶುಚಿಯೆಂದು ನಂಬಿದ ನಕ್ಷತ್ರ

ನಾನು ಸರಿಯಾಗಿ ಅಳೆದಿದ್ದೆ; ನನ್ನ ಉಪಕರಣ ಕೊಳಕಾಗಿದೆ ಎಂದು ಎಲ್ಲರೆದುರು ಹೇಳಿ ಆ ಅಳತೆಯನ್ನು ಬದಿಗೆ ಸರಿಸಿದರು. ಈಗ ಅದೇ ಅಳತೆ ಇನ್ನೊಬ್ಬರ ಕೈಯಲ್ಲಿ ಸರಿಯೆಂದು ಸಾಬೀತಾಗಿದೆ. ಓದುಗರೇ, ಪೀಠಿಕೆಯಿಲ್ಲದೆ ದೂರು ಹೇಳುವುದು ಸೌಜನ್ಯವಲ್ಲವೆಂದು ಬಲ್ಲೆ. ಆದರೆ ಪೀಠಿಕೆ ಹಾಕುತ್ತ ಹಾಕುತ್ತಲೇ ನನಗೆ ಮುಪ್ಪು ಬಂದಿದೆ.

ಕಳೆದ ಭಾನುವಾರ ಗ್ರೀನ್‌ಫರ್ಡ್‌ನ ನಮ್ಮ ಮನೆಗೆ ಬಂದ ಮೊಮ್ಮಗಳು ತಾಯಿಯ ಕಪ್ಪು ಕನ್ನಡಕ ಹಾಕಿಕೊಂಡು, ಫೋನನ್ನು ಅಡ್ಡಕ್ಕೆ ತಿರುಗಿಸಿ ಕೂಗಿದಳು: "ಅಜ್ಜಾ, ಲುಕ್! ಸ್ಕ್ರೀನ್ ಗಾನ್!" ಫೋನು ಕೆಟ್ಟಿರಲಿಲ್ಲ. ಪರದೆಯ ಬೆಳಕು ಒಂದೇ ದಿಕ್ಕಿಗೆ ವಾಲಿ ಕಂಪಿಸುತ್ತದೆ. ಆ ಬಗೆಯ ಕನ್ನಡಕ ಒಂದು ದಿಕ್ಕಿನ ಬೆಳಕನ್ನು ಬಿಟ್ಟು, ಅಡ್ಡವಾದುದನ್ನು ತಡೆಯುತ್ತದೆ. ಇಷ್ಟನ್ನು ಅವಳಿಗೆ ಹೇಳಬೇಕಿತ್ತು. ಹೇಳುವ ಬದಲು ಹಳೆಯದೆಲ್ಲ ನೆನಪಾಯಿತು.

ನಕ್ಷತ್ರಗಳ ಬೆಳಕಿನಲ್ಲಿ ಆ ವಾಲಿಕೆಯನ್ನು (ಪಠ್ಯಪುಸ್ತಕದ 'ಧ್ರುವೀಕರಣ') ಅಳೆಯುವುದೇ ನನ್ನ ವೃತ್ತಿಯಾಗಿತ್ತು. ವಯಸ್ಸಾದ ನಕ್ಷತ್ರ ಉಬ್ಬಿ, ಕೆಂಪಗಾಗಿ, ಸುತ್ತಲೂ ಧೂಳು ಉಗುಳುತ್ತದೆ. (ನನ್ನ ಹೆಂಡತಿ, ಧಾರವಾಡದವಳು, ನಿವೃತ್ತ ಜಿಪಿ ವೈದ್ಯೆ, ಇದು ನನ್ನದೇ ವರ್ಣನೆ ಎನ್ನುತ್ತಾಳೆ.) ಆ ಧೂಳಿಗೆ ತಾಗಿ ಚದುರಿದ ಬೆಳಕು ಕೊಂಚ ವಾಲುತ್ತದೆ. ಆದರೆ ಉಪಕರಣದ ಕನ್ನಡಿಗಳೂ ಬೆಳಕನ್ನು ವಾಲಿಸುತ್ತವೆ. ಆದ್ದರಿಂದ ನಮ್ಮಲ್ಲೊಂದು ಕಟ್ಟಳೆ: ಮೊದಲು ವಾಲಿಕೆಯೇ ಇಲ್ಲದ 'ಶುಚಿ' ನಕ್ಷತ್ರವೊಂದನ್ನು ನೋಡಿ, ಅಲ್ಲಿ ಕಂಡದ್ದೆಲ್ಲ ಉಪಕರಣದ್ದೆಂದು ಕಳೆಯಬೇಕು. ನಮ್ಮ ತಂಡದ ಶುಚಿ ನಕ್ಷತ್ರವನ್ನು ತಂಡದ ಮುಖ್ಯಸ್ಥರಾದ ಪ್ರೊಫೆಸರರೇ ಆರಿಸಿದ್ದರು. ವರ್ಷಗಳ ಹಿಂದೆ ಒಂದು ದಿನ ಅದರ ಬೆಳಕೂ ನನಗೆ ವಾಲಿಯೇ ಕಂಡಿತು. ದೋಷ ಉಪಕರಣದ್ದಾದರೆ, ಉಪಕರಣ ತಿರುಗಿಸಿದಾಗ ವಾಲಿಕೆಯೂ ತಿರುಗಬೇಕು, ತಿರುಗಲಿಲ್ಲ. "ದಾರಿಯ ನಡುವೆ ಎಲ್ಲೋ ಧೂಳಿನ ಮೋಡವಿದೆ. ಇನ್ನೊಂದು ನಕ್ಷತ್ರವನ್ನು ನೋಡೋಣ" ಎಂದೆ.

ಅಂದು ವಿಶ್ವವಿದ್ಯಾಲಯದ ನಮ್ಮ ವಿಭಾಗದಲ್ಲಿ ಚಹಾದ ಹೊತ್ತಿಗೆ, ಸಂಶೋಧನಾ ವಿದ್ಯಾರ್ಥಿಗಳೆಲ್ಲರ ಎದುರು, ಪ್ರೊಫೆಸರರು ಮಸೂರ ಒರೆಸುವ ಕಾಗದವೊಂದನ್ನು ನನ್ನ ಬಿಸ್ಕತ್ತಿನ ತಟ್ಟೆಯ ಮೇಲಿಟ್ಟರು. "ನಕ್ಷತ್ರ ಚೊಕ್ಕವಾಗಿಯೇ ಇದೆ, ಮೈ ಡಿಯರ್ ಫೆಲೋ. ಮೊದಲು ನಿಮ್ಮ ಕನ್ನಡಿ ಒರೆಸಿಕೊಳ್ಳಿ." ಎಲ್ಲರೂ ನಕ್ಕರು. ಲೇಪವಿರುವ ಕನ್ನಡಿಯನ್ನು ಕಾಗದದಿಂದ ಉಜ್ಜಬಾರದೆಂದು ಹೊಸಬರಿಗೂ ಗೊತ್ತು. ಅವಮಾನಿಸುವುದರಲ್ಲೂ ಆ ಮನುಷ್ಯನಿಗೆ ನಿಖರತೆಯಿರಲಿಲ್ಲ. ನನ್ನ ಅಳತೆಗಳು ತಂಡದ ಪ್ರಬಂಧದಿಂದ ಹೊರಬಿದ್ದವು.

ಹೆಂಡತಿ ನೊಂದು ಗೆಳತಿಯೊಬ್ಬಳಿಗೆ ಹೇಳಿದಳು. ಸುದ್ದಿ ಕೆಂಟನ್‌ನ ಕನ್ನಡಿಗರ ಊಟದ ಕೂಟಕ್ಕೂ ಬಂತು. ಮೈಸೂರಿನ ಅರಿವಳಿಕೆ ವೈದ್ಯರೊಬ್ಬರು ಬಿಸಿಬೇಳೆಬಾತಿಗೆ ತುಪ್ಪ ಹಾಕಿಕೊಳ್ಳುತ್ತ, "ಏನ್ ಸಾರ್, ಟೆಲಿಸ್ಕೋಪಿಗೆ ವ್ಯಾಕ್ಯೂಮ್ ಕ್ಲೀನರ್ ಹಾಕಿಸಿದ್ರಾ?" ಎಂದರು. ನಾನೂ ನಕ್ಕೆ. ಕಾರಿನಲ್ಲಿ ಹೆಂಡತಿ ಸೀಟ್ ಬೆಲ್ಟ್ ಎಳೆದುಕೊಳ್ಳುತ್ತ, "ಅವ್ರು ನಕ್ಕಿದ್ದು ಇರ್ಲಿ. ನೀವ್ಯಾಕ ನಕ್ರಿ?" ಎಂದಳು.

ಕಳೆದ ತಿಂಗಳು ಅದೇ ವಿಭಾಗದಲ್ಲಿ ಯುವ ಸಂಶೋಧಕಿಯೊಬ್ಬಳ ಉಪನ್ಯಾಸವಿತ್ತು. ಹೊಸ ಉಪಕರಣದಿಂದ ಅವಳು ತೋರಿಸಿದಳು: ನಮ್ಮ ಶುಚಿ ನಕ್ಷತ್ರ ಧೂಳಿನ ಮೋಡವೊಂದರ ಹಿಂದಿದೆ. ಕೊನೆಗೆ ಕೇಳಿದಳು: "ಇದನ್ನು ಮೊದಲೇ ಯಾರಾದರೂ ಅನುಮಾನಿಸಿದ್ದರೇ? ಪ್ರಬಂಧದಲ್ಲಿ ಅವರ ಹೆಸರು ಹಾಕಬೇಕು." ಮುಂದಿನ ಸಾಲಿನಲ್ಲಿದ್ದ ನಮ್ಮ ಹಳೆಯ ಪ್ರೊಫೆಸರರು ಹಿಂತಿರುಗಿ ನನ್ನನ್ನೇ ನೋಡಿದರು. ಬಳಿಕ ಮುಂದಕ್ಕೆ ತಿರುಗಿ, "ಇಲ್ಲ, ನಾವೆಲ್ಲರೂ ಮೋಸಹೋಗಿದ್ದೆವು" ಎಂದರು. ಅಂದು ನಕ್ಕವರಲ್ಲಿ ಕೆಲವರು ಅಲ್ಲೇ ಇದ್ದರು. ಯಾರೂ ತುಟಿ ಬಿಚ್ಚಲಿಲ್ಲ. ನಾನೂ ಬಿಚ್ಚಲಿಲ್ಲ. ನಾಚಿಕೆ ಅವರಿಗಾಗಬೇಕಿತ್ತು, ತಲೆ ತಗ್ಗಿಸಿ ಟ್ಯೂಬ್ ರೈಲು ಹತ್ತಿದವನು ನಾನು.

"ಅಜ್ಜಾ, ವೈ ಸೋ ಸ್ಯಾಡ್?" ಎಂದು ಮೊಮ್ಮಗಳು ಕನ್ನಡಕ ತೆಗೆದಳು. ಎಲ್ಲವನ್ನೂ ಹೇಳಿದೆ.

"ಬಟ್ ಯು ವರ್ ರೈಟ್! ಟೆಲ್ ಹರ್!"

"ಕೂಸಿಗೆ ತಿಳೀತು" ಎಂದಳು ಹೆಂಡತಿ ಅಡುಗೆಮನೆಯಿಂದ. "ವಿಜ್ಞಾನಿಗಳಿಗೆ ಯಾವಾಗ ತಿಳೀತದೋ."

ಪ್ರಬಂಧ ಇನ್ನೂ ಅಚ್ಚಿಗೆ ಹೋಗಿಲ್ಲ. ಸೋಮವಾರ ನನ್ನ ಹಳೆಯ ಅಳತೆಗಳನ್ನು ಹೆಸರಿನ ಸಮೇತ ಸಂಶೋಧಕಿಗೆ ಕಳುಹಿಸಿದೆ. ಆದರೂ ಮುಖದ ಬಿಸಿ ಆರಿಲ್ಲ. ನನಗೆ ಸಲ್ಲಬೇಕಾದುದನ್ನು ನಾನೇ ಕೈಯೊಡ್ಡಿ ಕೇಳುವಂತಾಯಿತು. ಅವಳು ಏನು ಉತ್ತರಿಸುವಳೋ ಕಾಯುತ್ತೇನೆ. ಅಷ್ಟರಲ್ಲಿ, ಪ್ರೊಫೆಸರರೇ, ನೀವು ಉತ್ತರಿಸಬೇಕಾದುದೊಂದಿದೆ. ಅಂದು ಸಭೆಯಲ್ಲಿ ನೀವು ಹಿಂತಿರುಗಿ ನನ್ನ ಮುಖವನ್ನೇ ನೋಡಿದಿರಿ. ಅಂದರೆ ನಿಮಗೆ ಎಲ್ಲವೂ ನೆನಪಿತ್ತು. ಮತ್ತೇಕೆ ಮುಂದಕ್ಕೆ ತಿರುಗಿದಿರಿ?